ಟೇಪ್ ತಿರುಗಿದರೆ ಸಾಲದು, ಓದಿ ನೋಡಬೇಕು

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಜಗಲಿ ಮೇಲೆ ಕೂತು ನಾವು ಮೊಬೈಲ್‌ನಲ್ಲಿ ಒಂದು ಸೋಬಾನೆ ಪದ ಹಾಕಿದೆವು. ಹಾಡಿದ ಅಜ್ಜಿ ಯಾರು ಅಂತ ನಮಗೆ ಗೊತ್ತಿರಲಿಲ್ಲ. ರೆಕಾರ್ಡ್ ಮಾಡಿಕೊಂಡು ಹೋಗಿದ್ದು ನಾವೇ, ಆದರೂ ಗೊತ್ತಿರಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಅರ್ಧ ನಿಮಿಷ ಕೇಳಿದರು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು.

"ಇದು ನಮ್ಮವ್ವನ ದನಿ ಕಣಪ್ಪಾ. ಇನ್ನೊಂದು ಸಲ ಹಾಕು."

ಅವರವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು.

ಆ ದಿನ ನಾವು ಆ ಹಾಡನ್ನು ನಾಲ್ಕು ಸಲ ಹಾಕಿದೆವು. ಅವರ ಮಗನ ಫೋನಿಗೂ ಕಳಿಸಿ ಬಂದೆವು. ಒಂದು ಹೆಸರು ಸಿಕ್ಕಿತು ಅಂತ ಸಂತೋಷ. ಆದರೆ ಆ ಹೆಸರು ಕಳೆದಿದ್ದೇ ನಮ್ಮ ತಪ್ಪಿನಿಂದ. ಹಾಗೆ ಕಳೆದ ಹೆಸರು ಇನ್ನೂ ಬೇಕಾದಷ್ಟಿವೆ. ಹೇಗೆ ಕಳೆಯಿತು ಅನ್ನೋದನ್ನು ಹೇಳಬೇಕು. ನಮ್ಮ ಪಶ್ಚಾತ್ತಾಪ ಕೇಳಿ ನಿಮಗೇನೂ ಆಗಬೇಕಾಗಿಲ್ಲ. ಆದರೆ ಇದೇ ತಪ್ಪು ನಿಮ್ಮೂರಿನ ಹಾಲಿನ ಡೇರಿಯಲ್ಲೋ, ಸೊಸೈಟಿಯಲ್ಲೋ ಆದರೆ ಕಳೆಯೋದು ನಿಮ್ಮ ಲೆಕ್ಕ, ನಿಮ್ಮ ದುಡ್ಡು.

ನಮ್ಮ ಆಫೀಸು, ನಮ್ಮ ಪೆಟ್ಟಿಗೆ

ನಾವು ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದವರು. ಹಿರಿಯೂರಲ್ಲಿ ಒಬ್ಬ, ಹೊಸದುರ್ಗದಲ್ಲಿ ಒಬ್ಬಳು, ಹೊಳಲ್ಕೆರೆಯಲ್ಲಿ ಒಬ್ಬ ಇದ್ದಾರೆ. ಉಳಿದವರು ಚಿತ್ರದುರ್ಗದ ಒಂದು ಬಾಡಿಗೆ ರೂಮಿನಲ್ಲಿ. ಅದೇ ನಮ್ಮ ಆಫೀಸು. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಅದರಲ್ಲಿ ಲಿನಕ್ಸ್ ಇದೆ. ದುಡ್ಡು ಕೊಡದೆ ಸಿಗುವ ವ್ಯವಸ್ಥೆ ಅದು, ಹಳೇ ಯಂತ್ರದಲ್ಲೂ ನಿಲ್ಲದೆ ಕೆಲಸ ಮಾಡುತ್ತದೆ. ಎಲ್ಲರ ಫೋಟೋ, ದನಿ, ಬರಹ ಒಂದೇ ಕಡೆ ಇರಲಿ ಅಂತ ಇಟ್ಟುಕೊಂಡಿದ್ದು. ಅದನ್ನೇ ಸರ್ವರ್ ಅಂತೀವಿ.

ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಸರಕು. ಒಂದು, ಕಡತಗಳು: ಹಾಡು, ಮಾತು, ಫೋಟೋ. ಎರಡನೆಯದು ಪಟ್ಟಿ. ಯಾವ ಹಾಡು ಯಾರದು, ಯಾವ ಊರು, ಯಾವ ದಿನ, ಹಾಕಬಹುದು ಅಂತ ಅವರು ಒಪ್ಪಿದ್ದಾರೋ ಇಲ್ಲವೋ ಅನ್ನೋದೆಲ್ಲ ಆ ಪಟ್ಟಿಯಲ್ಲಿ. ಇದನ್ನು ಡೇಟಾಬೇಸ್ ಅಂತಾರೆ. ಕಡತಗಳು ನೂರಾರು ಜಿಬಿ. ಪಟ್ಟಿ ಒಂದು ಫೋಟೋ ಆಲ್ಬಮ್ಮಿನಷ್ಟೂ ಜಾಗ ತಿನ್ನುವುದಿಲ್ಲ. ಆದರೆ ಪಟ್ಟಿ ಹೋದರೆ ಉಳಿದಿದ್ದಕ್ಕೆ ತಲೆಬುಡ ಇರುವುದಿಲ್ಲ.

ಇದೆಲ್ಲದರ ಇನ್ನೊಂದು ಪ್ರತಿ ಬೇಕು ಅಂತ ನಮಗೂ ಗೊತ್ತಿತ್ತು. ಅದಕ್ಕೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಟೇಪ್ ಡ್ರೈವ್ ತಂದೆವು.

ಯಾವ ಟೇಪು?

ಟೇಪ್ ಅಂದ ಕೂಡಲೇ ನಿಮಗೆ ಕ್ಯಾಸೆಟ್ ನೆನಪಾಗುತ್ತದೆ. ಟೇಪ್ ರೆಕಾರ್ಡರಿನಲ್ಲಿ ಹರಿಕತೆ, ಸಿನಿಮಾ ಹಾಡು ಹಾಕುತ್ತಿದ್ದ ಕ್ಯಾಸೆಟ್. ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವಲ್ಲ, ಅದೇ. ಕಂಪ್ಯೂಟರಿನ ಟೇಪೂ ಅದೇ ಜಾತಿಯದು. ಪ್ಲಾಸ್ಟಿಕ್ ಪಟ್ಟಿ, ಮೇಲೆ ಅಯಸ್ಕಾಂತದ ಲೇಪ. ಈಗ ಹೆಚ್ಚು ಬಳಕೆಯಲ್ಲಿರುವುದು ಎಲ್‌ಟಿಒ ಅನ್ನುವ ಬಗೆ, 2000ರಲ್ಲಿ ಬಂದಿದ್ದು. ನಮ್ಮದು ಅದರ 4ನೇ ಪೀಳಿಗೆ, ಒಂದು ಟೇಪಿಗೆ 800 ಜಿಬಿ ಹಿಡಿಯುತ್ತದೆ. 9ನೇ ಪೀಳಿಗೆಯದು 18 ಟಿಬಿ ಹಿಡಿಯುತ್ತದೆ.

ಇದು ಹಳೇ ಕಾಲದ್ದು ಅಂತ ನಗಬೇಡಿ. 2011ರ ಫೆಬ್ರವರಿಯಲ್ಲಿ ಜಿಮೇಲ್‌ನ ಒಂದಷ್ಟು ಖಾತೆಗಳಲ್ಲಿ ಮೇಲ್‌ಗಳೆಲ್ಲ ಮಾಯವಾದವು. ಗೂಗಲ್‌ನ ಬೇರೆ ಬೇರೆ ಕಡೆಯ ಕಂಪ್ಯೂಟರುಗಳಲ್ಲಿ ಪ್ರತಿಗಳಿದ್ದವು, ಆದರೆ ತಂತ್ರಾಂಶದ ಒಂದೇ ತಪ್ಪು ಆ ಪ್ರತಿಗಳನ್ನೂ ಅಳಿಸಿಬಿಟ್ಟಿತ್ತು. ಕೊನೆಗೆ ಮೇಲ್‌ಗಳು ವಾಪಸ್ ಬಂದಿದ್ದು ಟೇಪಿನಿಂದ. ಟೇಪ್ ಯಂತ್ರದಿಂದ ಹೊರಗೆ, ಬೀರುವಿನಲ್ಲಿ ಇರುತ್ತದೆ. ಯಾವ ವೈರಸ್ಸೂ ಬೀರುವಿನ ಬಾಗಿಲು ತೆಗೆದು ಒಳಗೆ ಹೋಗಲಾರದು. ಟೇಪಿನ ದೊಡ್ಡ ಗುಣ ಅದೇ.

ಶುರುವಿನಲ್ಲಿ ನಾವು ಕೈಯಲ್ಲೇ ಪ್ರತಿ ಮಾಡುತ್ತಿದ್ದೆವು. ಸಂಜೆ ಒಬ್ಬರು ಟೇಪ್ ಹಾಕಿ, ಎರಡು ಆಜ್ಞೆ ಟೈಪ್ ಮಾಡಿ, ಮುಗಿಯುವವರೆಗೆ ಕಾಯುವುದು. ಗೋಡೆ ಮೇಲೆ ಒಂದು ಕ್ಯಾಲೆಂಡರ್, ಮಾಡಿದ ದಿನ ಟಿಕ್ ಹಾಕುವುದು. ಮೊದಲ ತಿಂಗಳು ಎಲ್ಲಾ ದಿನವೂ ಟಿಕ್ ಇತ್ತು. ಎರಡನೇ ತಿಂಗಳು ನಾಯಕನಹಟ್ಟಿ ಜಾತ್ರೆಗೆ ಎಲ್ಲರೂ ಹೋಗಿದ್ದ ವಾರ ಟಿಕ್ಕೇ ಇಲ್ಲ. ಆಮೇಲೆ ವಾರಕ್ಕೆ ಎರಡು, ಆಮೇಲೆ ಒಂದು.

ನಮ್ಮ ಜಿಲ್ಲೆಯವರಿಗೆ ಈ ಪಾಠ ಹೊಸದಲ್ಲ. ಏಳು ಸುತ್ತಿನ ಕೋಟೆ ಇತ್ತು, ಕಾವಲುಗಾರನೂ ಇದ್ದ. ಅವನು ಊಟಕ್ಕೆ ಮನೆಗೆ ಹೋದ ಹೊತ್ತಿಗೇ ಕಿಂಡಿಯಲ್ಲಿ ಶತ್ರು ನುಗ್ಗಿದ್ದು. ಓಬವ್ವ ನೀರಿಗೆ ಬಂದಿದ್ದಳು, ಕೈಗೆ ಒನಕೆ ಸಿಕ್ಕಿತು, ದುರ್ಗ ಉಳಿಯಿತು. ಪ್ರತಿ ಸಲವೂ ಓಬವ್ವ ಬರುತ್ತಾಳೆ ಅಂತ ನಂಬಿ ಕೂರೋಕಾಗುತ್ತದೆಯೇ? ಮನುಷ್ಯ ಊಟಕ್ಕೆ ಹೋಗುತ್ತಾನೆ, ಜಾತ್ರೆಗೆ ಹೋಗುತ್ತಾನೆ, ಮರೆಯುತ್ತಾನೆ. ಅದು ತಪ್ಪಲ್ಲ. ಆದ್ದರಿಂದ ದಿನಾ ಮಾಡಲೇಬೇಕಾದ ಕೆಲಸವನ್ನು ಯಂತ್ರಕ್ಕೇ ಬಿಡೋಣ ಅಂತ ತೀರ್ಮಾನ ಮಾಡಿದೆವು.

ಎಲ್ಲಾ ಸರಿಯಾಗಿದೆ ಅಂದುಕೊಂಡ ತಿಂಗಳುಗಳು

ಲಿನಕ್ಸ್‌ನಲ್ಲಿ ಕ್ರಾನ್ ಅಂತ ಒಂದು ಸೌಲಭ್ಯ ಇದೆ. ಅಲಾರಂ ಇದ್ದ ಹಾಗೆ. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಅಂತ ಒಂದು ಸಾಲು ಬರೆದಿಟ್ಟರೆ ಮಾಡುತ್ತದೆ. ಟಾರ್ ಅನ್ನುವ ಇನ್ನೊಂದು ಸಾಧನ ಕಡತಗಳನ್ನೆಲ್ಲ ಒಂದು ಮೂಟೆ ಕಟ್ಟಿ ಟೇಪಿಗೆ ಬರೆಯುತ್ತದೆ. ಟಾರ್ ಅನ್ನುವ ಹೆಸರು ಹುಟ್ಟಿದ್ದೇ ಟೇಪಿನಿಂದ. ನಾವು ರಾತ್ರಿ 11.30ಕ್ಕೆ ಎರಡು ಕೆಲಸ ಹಚ್ಚಿದೆವು. ಮೊದಲು ಪಟ್ಟಿಯನ್ನು ಟೇಪಿಗೆ ಬರೆ. ಆಮೇಲೆ ಕಡತಗಳನ್ನು ಬರೆ. ಬೆಳಿಗ್ಗೆ ಬಂದು ನೋಡಿದರೆ ಎರಡೂ ಕೆಲಸ ಯಶಸ್ವಿ ಅಂತ ದಾಖಲೆ ಇರುತ್ತಿತ್ತು. ದಿನಾ ಹಾಗೇ ಇರುತ್ತಿತ್ತು. ನಾವು ದಾಖಲೆ ನೋಡುವುದನ್ನೂ ಬಿಟ್ಟೆವು.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು, ಸಿಡಿಲು, ಗಾಳಿ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ ಬ್ಯಾಟರಿ ಹಳೇದಾಗಿತ್ತು, ತಡೆಯಲಿಲ್ಲ. ಮಾರನೇ ದಿನ ಯಂತ್ರ ಹಾಕಿದರೆ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತೇ ಹೊರತು ಏನೂ ಓದುತ್ತಿರಲಿಲ್ಲ.

ನಾವು ಗಾಬರಿಯಾಗಲಿಲ್ಲ. ಟೇಪ್ ಇದೆಯಲ್ಲ! ಹೊಸ ಡಿಸ್ಕ್ ತಂದು, ಲಿನಕ್ಸ್ ಹಾಕಿ, ಟೇಪ್ ಓದಿಸಿದೆವು. ಹಾಡು ಬಂದವು, ಫೋಟೋ ಬಂದವು. ಪಟ್ಟಿ ಬರಲಿಲ್ಲ. ಬೇರೆ ಟೇಪ್ ಹಾಕಿದೆವು. ಅದರಲ್ಲೂ ಇಲ್ಲ. ಯಾವ ಟೇಪಿನಲ್ಲೂ ಇಲ್ಲ.

ಕಾರಣ ಒಂದೇ ಒಂದು ಅಕ್ಷರ. ಲಿನಕ್ಸ್‌ನಲ್ಲಿ ಒಂದೇ ಟೇಪ್ ಡ್ರೈವಿಗೆ ಎರಡು ಹೆಸರು ಇರುತ್ತವೆ. ಎಸ್‌ಟಿ0 ಅಂತ ಕರೆದರೆ, ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಅಂತ ಕರೆದರೆ ಮುಗಿದ ಜಾಗದಲ್ಲೇ ನಿಲ್ಲುತ್ತದೆ. ನಾವು ಬರೆದಿದ್ದು ಮೊದಲನೆಯದು. ಹಾಗಾಗಿ ರಾತ್ರಿ ಪಟ್ಟಿ ಬರೆದು ಮುಗಿದ ತಕ್ಷಣ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತಿತ್ತು. ಆಮೇಲೆ ಕಡತಗಳು ಅದೇ ಜಾಗದಿಂದ, ಪಟ್ಟಿಯ ಮೇಲೇ ಬರೆದುಕೊಳ್ಳುತ್ತಿದ್ದವು. ಕ್ಯಾಸೆಟ್‌ನಲ್ಲಿ ಅಪ್ಪನ ದನಿ ಇದ್ದ ಕಡೆ ತಮ್ಮ ಸಿನಿಮಾ ಹಾಡು ರೆಕಾರ್ಡ್ ಮಾಡಿಬಿಡುತ್ತಿದ್ದನಲ್ಲ, ಹಾಗೆ. ತಿಂಗಳುಗಟ್ಟಲೆ, ಪ್ರತಿ ರಾತ್ರಿ, ನಮ್ಮದೇ ಆಜ್ಞೆಯಂತೆ ನಮ್ಮ ಪಟ್ಟಿ ಅಳಿಸಿ ಹೋಗುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಬರೆಯುವ ಎರಡೂ ಕೆಲಸ ಯಶಸ್ವಿಯಾಗಿಯೇ ನಡೆದಿದ್ದವು.

ಒಂದೇ ಒಂದು ಸಲ, ಯಾವುದಾದರೂ ಒಂದು ಶನಿವಾರ, ಟೇಪಿನಿಂದ ಪಟ್ಟಿಯನ್ನು ವಾಪಸ್ ತೆಗೆದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಮೊದಲ ವರ್ಷದ ಹೆಸರುಗಳು ನೋಟ್‌ಬುಕ್ಕಿನಲ್ಲಿದ್ದವು, ಅವನ್ನು ಮತ್ತೆ ಟೈಪ್ ಮಾಡಿದೆವು. ಆಮೇಲಿನವು ನೇರವಾಗಿ ಕಂಪ್ಯೂಟರಿಗೆ ಹೋಗಿದ್ದವು. ಅವಕ್ಕಾಗಿಯೇ ಈಗ ಹಳ್ಳಿ ಹಳ್ಳಿ ಸುತ್ತಿ "ಇದು ಯಾರ ದನಿ?" ಅಂತ ಕೇಳುತ್ತಿದ್ದೇವೆ. ಕೆಲವಕ್ಕೆ ಉತ್ತರ ಸಿಗುತ್ತಿದೆ. ಕೆಲವು ಹಾಗೇ ಇವೆ. ಯಾರದೆಂದು ತಿಳಿಯದೆ, ಅವರ ಒಪ್ಪಿಗೆ ಇತ್ತೋ ಇಲ್ಲವೋ ತಿಳಿಯದೆ ನಾವು ಅವನ್ನು ಎಲ್ಲೂ ಹಾಕುವ ಹಾಗಿಲ್ಲ.

ಈಗ ರಾತ್ರಿ ನಡೆಯುವುದು

ಕಂಪ್ಯೂಟರ್ ಇರುವ ಯಾವುದೇ ಸಣ್ಣ ಆಫೀಸಿನವರಿಗೆ ಉಪಯೋಗ ಆದೀತು ಅಂತ ನಾವು ಈಗ ಮಾಡುತ್ತಿರುವ ಕ್ರಮ ಹೇಳುತ್ತೇವೆ. ಊರಲ್ಲಿ ಕಂಪ್ಯೂಟರ್ ತಿಳಿದ ಹುಡುಗ ಹುಡುಗಿ ಯಾರಾದರೂ ಇದ್ದರೆ ಈ ಭಾಗ ಅವರಿಗೆ ತೋರಿಸಿ.

ಮೊದಲನೆಯದು, ಸರಿಯಾದ ಟೇಪ್ ಇದೆಯೇ ಅಂತ ಯಂತ್ರವೇ ನೋಡುತ್ತದೆ. ಪ್ರತಿ ಟೇಪಿನ ಶುರುವಿನಲ್ಲಿ ಅದರ ಹೆಸರು ಬರೆದಿದ್ದೇವೆ: ಸೋಮ, ಮಂಗಳ, ಹೀಗೆ. ಮಂಗಳವಾರ ರಾತ್ರಿ ಒಳಗೆ ಸೋಮವಾರದ ಟೇಪೇ ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ನಮಗೆ ಮೆಸೇಜ್ ಬರುತ್ತದೆ. ಬದಲಿಸಲು ಮರೆತ ಟೇಪಿನ ಮೇಲೆ ಬರೆಯುವುದಿಲ್ಲ.

ಎರಡನೆಯದು, ಪಟ್ಟಿಯನ್ನು ಡೇಟಾಬೇಸ್‌ನಿಂದ ಹೊರತೆಗೆದು ಒಂದು ಕಡತ ಮಾಡುತ್ತದೆ. ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಹಾಗೇ ನಕಲು ಮಾಡಬಾರದು. ಯಾರೋ ಬರೆಯುತ್ತಿರುವಾಗಲೇ ಲೆಡ್ಜರಿನ ಫೋಟೋ ಹೊಡೆದ ಹಾಗೆ, ಅರ್ಧಂಬರ್ಧ ಬರುತ್ತದೆ. ಹೊರತೆಗೆದ ಕಡತ ಖಾಲಿಯಾಗಿದೆಯೇ, ನಿನ್ನೆಗಿಂತ ತೀರಾ ಚಿಕ್ಕದಾಗಿದೆಯೇ ಅಂತಲೂ ನೋಡುತ್ತದೆ. ಇಲ್ಲಿ ಇನ್ನೊಂದು ಮೋಸ ಇದೆ. ಹೊರತೆಗೆಯುವ ಕೆಲಸ ಸೋತರೂ, ಅದರ ಹಿಂದೆಯೇ ಜೋಡಿಸಿದ ಕುಗ್ಗಿಸುವ ಕೆಲಸ ಗೆದ್ದರೆ, ಒಟ್ಟು ಫಲಿತಾಂಶ ಗೆದ್ದಿದೆ ಅಂತಲೇ ಬರುತ್ತದೆ. ಅದಕ್ಕೆ ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ ಅನ್ನುವ ಆಯ್ಕೆ ಹಾಕಬೇಕು.

ಮೂರನೆಯದು, ಎನ್‌ಎಸ್‌ಟಿ0 ಹೆಸರಿನಲ್ಲೇ ಒಂದರ ಹಿಂದೆ ಒಂದು ಬರೆಯುತ್ತದೆ. ಮೊದಲು ಪಟ್ಟಿ, ಅದು ಮುಗಿದ ಜಾಗದಿಂದ ಕಡತಗಳು.

ನಾಲ್ಕನೆಯದು, ಎಂಟಿ ಅನ್ನುವ ಆಜ್ಞೆಯಿಂದ ಟೇಪನ್ನು ಮೊದಲಿಗೆ ಸುತ್ತಿ, ಬರೆದಿದ್ದನ್ನು ಪೂರ್ತಿ ಓದಿ, ಡಿಸ್ಕಿನಲ್ಲಿರುವುದರ ಜೊತೆ ಹೋಲಿಸಿ ನೋಡುತ್ತದೆ. ಟಾರ್‌ನಲ್ಲೇ ಆ ಸೌಲಭ್ಯ ಇದೆ. ನಮ್ಮಷ್ಟು ಸರಕಿಗೆ ಬರೆಯಲು ಒಂದು ಗಂಟೆ, ಓದಿ ನೋಡಲು ಇನ್ನೊಂದು ಗಂಟೆ ಬೇಕು. ರಾತ್ರಿ ಆ ಹೊತ್ತಿನಲ್ಲಿ ಯಂತ್ರಕ್ಕೆ ಬೇರೆ ಕೆಲಸವೇನೂ ಇಲ್ಲ.

ಐದನೆಯದು, ಎಲ್ಲಾ ಸರಿಯಾದರೆ ಟೇಪನ್ನು ಹೊರಗೆ ತಳ್ಳುತ್ತದೆ. ಬೆಳಿಗ್ಗೆ ಬಾಗಿಲು ತೆಗೆದವರಿಗೆ ಟೇಪ್ ಹೊರಗೆ ಬಂದಿರುವುದು ಕಂಡರೆ ಕೆಲಸ ಆಗಿದೆ ಅಂತ ಅರ್ಥ. ಜೊತೆಗೆ ನಮ್ಮೆಲ್ಲರ ಫೋನಿಗೂ ಒಂದು ಮೆಸೇಜ್. ಸೋತಾಗ ಮಾತ್ರ ಮೆಸೇಜ್ ಬರುವ ಹಾಗೆ ಮಾಡಬೇಡಿ. ಕಂಪ್ಯೂಟರೇ ಆಫ್ ಆಗಿದ್ದರೆ ಸೋತ ಮೆಸೇಜೂ ಬರುವುದಿಲ್ಲ, ನೀವು ಎಲ್ಲಾ ಸರಿಯಿದೆ ಅಂದುಕೊಂಡಿರುತ್ತೀರಿ. ಆದರೂ ಹೇಳಬೇಕು, ಸೋತರೂ ಹೇಳಬೇಕು. ಏನೂ ಬರಲಿಲ್ಲ ಅಂದರೆ ಎದ್ದು ಹೋಗಿ ನೋಡಬೇಕು.

ಇಷ್ಟನ್ನೂ ಯಂತ್ರ ಮಾಡುತ್ತದೆ. ಮನುಷ್ಯರಿಗೆ ನಾವು ಉಳಿಸಿಕೊಂಡಿದ್ದು ಎರಡೇ ಕೆಲಸ. ಟೇಪನ್ನು ಆಫೀಸಿನಿಂದ ಹೊರಗೆ ಒಯ್ಯುವುದು ಒಂದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ವಾಪಸ್ ತೆಗೆದು, ಪಟ್ಟಿ ತೆರೆದು, ಒಂದು ಹಾಡು ಹಾಕಿ ಕೇಳುವುದು ಇನ್ನೊಂದು. ಮೊದಲ ಸಲ ನಾವು ಎಡವಿದ್ದು ಇಲ್ಲೇ. ಕೆಲಸ ಯಂತ್ರಕ್ಕೆ ಕೊಟ್ಟೆವು, ಅದರ ಜೊತೆ ಜವಾಬ್ದಾರಿಯನ್ನೂ ಕೊಟ್ಟುಬಿಟ್ಟೆವು.

ಅಜ್ಜ, ಅಪ್ಪ, ಮಗ

ಟೇಪ್ ಸುತ್ತುಹಾಕುವ ಒಂದು ಹಳೇ ಕ್ರಮವನ್ನು ಕಂಪ್ಯೂಟರಿನವರು ಅಜ್ಜ-ಅಪ್ಪ-ಮಗ ಅಂತಲೇ ಕರೆಯುತ್ತಾರೆ. ಸೋಮವಾರದಿಂದ ಗುರುವಾರದ ನಾಲ್ಕು ಟೇಪ್ ಮಗ. ಮುಂದಿನ ವಾರ ಅವುಗಳ ಮೇಲೇ ಮತ್ತೆ ಬರೆಯುತ್ತೇವೆ. ಶುಕ್ರವಾರದ ಟೇಪ್ ಅಪ್ಪ. ಅಂಥವು ನಾಲ್ಕಿವೆ, ಒಂದೊಂದೂ ತಿಂಗಳ ಕಾಲ ಉಳಿಯುತ್ತದೆ. ತಿಂಗಳ ಕೊನೆಯದು ಅಜ್ಜ, ಅದನ್ನು ವರ್ಷದವರೆಗೆ ಮುಟ್ಟುವುದಿಲ್ಲ.

ಇಷ್ಟೊಂದು ಯಾಕೆ? ಇವತ್ತು ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರು ಅನ್ನಿ. ಮೂರು ವಾರ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಮಗನ ಟೇಪುಗಳಲ್ಲೆಲ್ಲ ಅಳಿಸಿದ ಸ್ಥಿತಿಯೇ ಬರೆದಿರುತ್ತದೆ. ಆಗ ಅಪ್ಪನನ್ನು ಕೇಳಬೇಕು, ಅಜ್ಜನನ್ನು ಕೇಳಬೇಕು.

ಶುಕ್ರವಾರದ ಟೇಪ್ ಶನಿವಾರ ಬಸ್ಸಿನಲ್ಲಿ ಹಿರಿಯೂರಿಗೆ ಹೋಗುತ್ತದೆ. ತಿಂಗಳಿನದು ಹೊಸದುರ್ಗಕ್ಕೆ. ಟೇಪ್ ಓದಿ ನೋಡುವ ಕೆಲಸ ಹೊಳಲ್ಕೆರೆಯವನದು, ಯಾಕೆಂದರೆ ಸ್ಕ್ರಿಪ್ಟ್ ಬರೆದವನು ಅವನಲ್ಲ. ಬರೆದವರೇ ಪರೀಕ್ಷೆ ಮಾಡಿದರೆ ತಮ್ಮ ತಪ್ಪು ತಮಗೆ ಕಾಣುವುದಿಲ್ಲ. ಟೇಪಿಗೆ ಬಿಸಿಲು, ಧೂಳು ಆಗದು. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಬಿಡಬಾರದು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಟ್ರಂಕಿನಲ್ಲಿಟ್ಟು, ತಣ್ಣಗಿನ ಕೋಣೆಯಲ್ಲಿಡಬೇಕು. ಬಸ್ಸಿನಲ್ಲಿ ಕಳೆದರೂ ಯಾರೂ ಓದದ ಹಾಗೆ ಗುಪ್ತಲಿಪಿ ಮಾಡಿಯೇ ಕಳಿಸುತ್ತೇವೆ. ಅದರ ಕೀಲಿಯನ್ನು ಕಾಗದದಲ್ಲಿ ಬರೆದು ಬೇರೆ ಎರಡು ಮನೆಗಳಲ್ಲಿ ಇಟ್ಟಿದ್ದೇವೆ. ಕೀಲಿ ಕಳೆದರೆ ಟೇಪ್ ಇದ್ದೂ ಇಲ್ಲದ ಹಾಗೆ.

ಒಂದೇ ಕಡೆ ಇಡಬಾರದು ಅನ್ನುವುದಕ್ಕೆ ನಮ್ಮ ಜಿಲ್ಲೆಯ ಕಲ್ಲುಗಳೇ ಸಾಕ್ಷಿ ಇವೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಒಂದಲ್ಲ, ಮೂರು ಕಡೆ ಇದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಾತು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಜಟಿಂಗ ರಾಮೇಶ್ವರದ್ದು ತುಂಬಾ ಸವೆದಿದೆ. ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆ ನೋಡಿ ಓದಬಹುದು. ಅಶೋಕ ಬ್ಯಾಕಪ್ ಅಂತ ಕೆತ್ತಿಸಿದ್ದಲ್ಲ, ಜನ ಓದಲಿ ಅಂತ ಕೆತ್ತಿಸಿದ್ದು. ಆದರೂ 2,200 ವರ್ಷದ ಮೇಲೆ ನಮಗೆ ಅದರಿಂದ ಅನುಕೂಲವಾಯಿತು.

"ಕ್ಲೌಡ್ ಇದೆಯಲ್ಲ, ಟೇಪ್ ಯಾಕೆ?"

ಇದನ್ನು ನಮ್ಮ ಗೆಳೆಯರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕ್ಲೌಡ್ ಅಂದರೆ ಬೇರೆ ಯಾರದೋ ಕಂಪ್ಯೂಟರಿನಲ್ಲಿ ನೆಟ್ ಮೂಲಕ ಇಡುವುದು. ಒಳ್ಳೆಯದೇ, ನಾವೂ ಪಟ್ಟಿಯ ಒಂದು ಪ್ರತಿಯನ್ನು ಅಲ್ಲಿ ಇಟ್ಟಿದ್ದೇವೆ. ಆದರೆ ಇಲ್ಲಿ ಅಳಿಸಿದ್ದು ಅಲ್ಲೂ ತಾನಾಗಿ ಅಳಿಸುವ ಹಾಗೆ ಜೋಡಿಸಿದ್ದರೆ ಅದು ಬ್ಯಾಕಪ್ ಅಲ್ಲ, ಕನ್ನಡಿ. ಇನ್ನೊಂದು, ನಮ್ಮ ಕಡೆ ನೂರಾರು ಜಿಬಿ ಮೇಲಕ್ಕೆ ಕಳಿಸುವಷ್ಟು ನೆಟ್ ಎಲ್ಲಿದೆ?

ದೊಡ್ಡವರು ಎಡವಿದ್ದನ್ನೂ ನೋಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಅಲ್ಲಿನ ಒಂದು ಕ್ಲೌಡ್‌ನ 858 ಟಿಬಿ ಸುಟ್ಟುಹೋಯಿತು. ಅದರ ಪ್ರತಿ ಹೊರಗೆ ಎಲ್ಲೂ ಇರಲಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಅವರಲ್ಲಿ ಬ್ಯಾಕಪ್‌ಗೆ ಐದು ದಾರಿ ಇದ್ದವು. ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಯಾರೋ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ನಮಗೆ ಆದದ್ದೂ ಅದೇ ಜಾತಿಯ ಕಾಯಿಲೆ, ಗಾತ್ರ ಮಾತ್ರ ಬೇರೆ.

ಹಾಗಂತ ಎಲ್ಲರೂ ಟೇಪ್ ತರಬೇಕು ಅಂತ ನಾವು ಹೇಳುವುದಿಲ್ಲ. ಹೊಸ ಟೇಪ್ ಡ್ರೈವಿನ ಬೆಲೆ ಲಕ್ಷ ದಾಟುತ್ತದೆ. ಹಳೇದು ತಂದರೆ ಕೆಟ್ಟಾಗ ರಿಪೇರಿ ಮಾಡುವವರು ಹತ್ತಿರದಲ್ಲಿ ಇರುವುದಿಲ್ಲ. ಹಳೇ ಪೀಳಿಗೆಯ ಟೇಪನ್ನು ತೀರಾ ಹೊಸ ಡ್ರೈವ್ ಓದುವುದೂ ಇಲ್ಲ, ಕ್ಯಾಸೆಟ್ ಇದ್ದು ಟೇಪ್ ರೆಕಾರ್ಡರ್ ಇಲ್ಲದವರ ಪಾಡಾಗುತ್ತದೆ. ಇಪ್ಪತ್ತು ಮೂವತ್ತು ಜಿಬಿ ಲೆಕ್ಕ ಇರುವ ಡೇರಿಗೆ ಎರಡು ಹೊರ ಹಾರ್ಡ್ ಡಿಸ್ಕ್ ಸಾಕು. ಒಂದು ಯಂತ್ರದ ಹತ್ತಿರ, ಇನ್ನೊಂದು ಬೇರೆ ಕಡೆ, ವಾರಕ್ಕೊಮ್ಮೆ ಅದಲು ಬದಲು. ಪ್ರತಿ ತಾನಾಗಿ ಆಗಬೇಕು, ಒಂದು ಪ್ರತಿ ಯಂತ್ರದಿಂದ ಕಳಚಿ ಹೊರಗಿರಬೇಕು, ಆಗಾಗ ವಾಪಸ್ ತೆಗೆದು ನೋಡಬೇಕು. ಟೇಪಾದರೂ ಡಿಸ್ಕಾದರೂ ಇಷ್ಟು ತಪ್ಪಬಾರದು.

ನಿಮ್ಮ ಡೇರಿ, ನಿಮ್ಮ ಸೊಸೈಟಿ

ಈಗ ನಿಮ್ಮ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ಡೇರಿಗಳು ಶಿಮುಲ್ ಒಕ್ಕೂಟಕ್ಕೆ ಸೇರಿದವು. ಹಾಲಿನ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿರುವ ಕಡೆ ಬೆಳಿಗ್ಗೆ ಸಂಜೆ ಹಾಲು ಹಾಕಿದರೆ ಚೀಟಿ ಬರುತ್ತದೆ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದುಡ್ಡು. ಸರ್ಕಾರದ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೇ ನಿಂತಿದೆ. ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಕಂಪ್ಯೂಟರ್ ಹಾಕಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಅಂದಾಜಿನ ಯೋಜನೆ. ಒಳ್ಳೆಯದೇ. ಕೈಬರಹದ ಲೆಡ್ಜರಿನಲ್ಲಿ ಎಷ್ಟು ತಿದ್ದುಪಡಿ, ಎಷ್ಟು ಮೋಸ ನಡೆಯುತ್ತಿತ್ತು ಅಂತ ನಿಮಗೆ ಗೊತ್ತು.

ಆದರೆ ಆ ಕಾಲದಲ್ಲಿ ಒಂದು ವಿಷಯ ಚೆನ್ನಾಗಿತ್ತು. ಸಂಘದ ಹತ್ತಿರ ಲೆಡ್ಜರ್ ಇರುತ್ತಿತ್ತು, ನಿಮ್ಮ ಮನೆಯಲ್ಲಿ ಪಾಸ್‌ಬುಕ್ ಇರುತ್ತಿತ್ತು. ಒಂದೇ ಲೆಕ್ಕ, ಎರಡು ಪ್ರತಿ, ಎರಡು ಮನೆ. ನಮ್ಮ ಹಿರಿಯರಿಗೆ ಬ್ಯಾಕಪ್ ಅನ್ನುವ ಮಾತು ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿತ್ತು. ಈಗ ಪಾಸ್‌ಬುಕ್ ಬದಲು ಚೀಟಿ ಬಂದಿದೆ. ಆ ಕಾಗದದ ಅಕ್ಷರ ಶಾಖ ತಾಗಿ ಮೂಡಿದ್ದು, ಕೆಲವು ತಿಂಗಳಲ್ಲಿ ಮಾಸಿ ಹೋಗುತ್ತದೆ. ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಬಿಳಿ ಕಾಗದ. ಲೆಕ್ಕ ಪೂರ್ತಿ ಅವರ ಕಂಪ್ಯೂಟರಿನಲ್ಲಿ.

"ನಮ್ಮಲ್ಲಿ ಅಂಗೇನೂ ಆಗಲ್ಲ ಬಿಡಿ" ಅಂತ ಒಬ್ಬ ಕಾರ್ಯದರ್ಶಿಗಳು ನಮಗೆ ಹೇಳಿದರು. ಹಿರಿಯೂರಿನವರು, ವಾಣಿವಿಲಾಸ ಸಾಗರ ಕಂಡವರು. ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಮೂರು ತಲೆಮಾರು ನೋಡಲಿಲ್ಲ. ಇನ್ನು ತುಂಬುವುದೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. 89 ವರ್ಷದ ಮೇಲೆ, 2022ರಲ್ಲಿ ಕೋಡಿ ಬಿತ್ತು. ಹೊಸದುರ್ಗದ ಕಡೆ ಹಿನ್ನೀರು ಜಮೀನುಗಳಿಗೆ ನುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಇಷ್ಟು ದಿನ ಆಗಿಲ್ಲ ಅನ್ನುವುದು ಮುಂದೆ ಆಗುವುದಿಲ್ಲ ಅನ್ನುವುದಕ್ಕೆ ಆಧಾರವಲ್ಲ. ಅಣೆಕಟ್ಟು ತುಂಬಿದರೆ ಬಾಗಿನ ಕೊಡಬಹುದು, ಡಿಸ್ಕ್ ಸತ್ತರೆ ಏನು ಕೊಡುತ್ತೀರಿ?

ಸಣ್ಣ ಬ್ಯಾಂಕುಗಳಿಗೆ ಇಂಥದ್ದು ಆಗಿದೆ ಕೂಡ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗಳಿಗೆ ತೊಂದರೆಯಾಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೂ ಇಂಥದ್ದೇ ದಾಳಿ. ದಿನಗಟ್ಟಲೆ ಚೀಟಿಗಳನ್ನು ಕೈಯಲ್ಲಿ ಬರೆದರು. ದಾಳಿ ತಾಗದ ಒಂದು ಬ್ಯಾಕಪ್ ಇದ್ದಿದ್ದರಿಂದ ರೋಗಿಗಳ ಮಾಹಿತಿ ವಾಪಸ್ ಬಂತು.

ಆದ್ದರಿಂದ ನಾವು ಕೇಳುವುದು ಇಷ್ಟೇ. ಈ ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಸಂಘದ ಸರ್ವಸದಸ್ಯರ ಸಭೆ ನಡೆಯುತ್ತದೆ. ಚಿತ್ರಾನ್ನ ತಿಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರಬೇಡಿ. ಕೈ ಎತ್ತಿ ನಾಲ್ಕು ಪ್ರಶ್ನೆ ಕೇಳಿ.

ನಮ್ಮ ಲೆಕ್ಕದ ಪ್ರತಿ ದಿನಾ ತಾನಾಗಿ ಆಗುತ್ತದೆಯೇ, ಯಾರಾದರೂ ನೆನಪಿಟ್ಟು ಮಾಡಬೇಕೇ?

ಈ ಕಟ್ಟಡದ ಹೊರಗೆ ಒಂದು ಪ್ರತಿ ಇದೆಯೇ, ಯಾರ ಸುಪರ್ದಿನಲ್ಲಿದೆ?

ಕೊನೆಯ ಸಲ ಅದನ್ನು ವಾಪಸ್ ತೆಗೆದು ನೋಡಿದ್ದು ಯಾವ ದಿನ?

ಕಂಪ್ಯೂಟರ್ ನಾಳೆ ಸತ್ತರೆ ಎಷ್ಟು ದಿನದಲ್ಲಿ ನಮ್ಮ ಬಟವಾಡೆ ಮತ್ತೆ ಶುರುವಾಗುತ್ತದೆ?

ಲೆಕ್ಕ ಎಲ್ಲಾ ಮೇಲಿನ ಸರ್ವರಿಗೆ ಹೋಗುತ್ತದೆ ಅಂದರೆ, ಸರಿ, ಅಲ್ಲಿಂದ ವಾಪಸ್ ತರಿಸಿ ನೋಡಿದ್ದೀರಾ ಅಂತ ಕೇಳಿ. ಮೂರನೇ ಪ್ರಶ್ನೆಗೆ ಒಂದು ತಾರೀಖು ಬರಬೇಕು. "ಎಲ್ಲಾ ಸರಿಯಾಗಿದೆ" ಅನ್ನುವುದು ಉತ್ತರವಲ್ಲ. ನಾವೂ ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡಿದ್ದೆವು.

ಅದರ ಜೊತೆಗೆ ನಿಮ್ಮ ಕೈಯಲ್ಲಿ ಫೋನ್ ಇದೆ. ಹಾಲಿನ ಚೀಟಿ, ಸಾಲದ ರಸೀದಿ, ಬಟವಾಡೆ ಪಟ್ಟಿ, ಸಿಕ್ಕಿದ ದಿನವೇ ಒಂದು ಫೋಟೋ ತೆಗೆದಿಡಿ. ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ನಿಮ್ಮ ಹಳೇ ಪಾಸ್‌ಬುಕ್ಕಿನ ಜಾಗವನ್ನು ಅದು ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಸಂಘದವರು ಕೋಪ ಮಾಡಿಕೊಳ್ಳಬಹುದು. ಅನುಮಾನ ಪಡುತ್ತೀಯಾ ಅನ್ನಬಹುದು. ಇದು ಅನುಮಾನವಲ್ಲ ಅಂತ ಹೇಳಿ. ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕರಿದ್ದರೂ ಡಿಸ್ಕಿಗೆ ಅದು ಗೊತ್ತಾಗುವುದಿಲ್ಲ. ನಾವು ಆರು ಜನವೂ ಪ್ರಾಮಾಣಿಕರೇ ಆಗಿದ್ದೆವು.

ಹೊಳಲ್ಕೆರೆಯ ಆ ಹಾಡಿಗೆ ಈಗ ಹೆಸರು ಸೇರಿದೆ. ಮಗಳ ಒಪ್ಪಿಗೆಯೂ ಸೇರಿದೆ. ಅವತ್ತು ರಾತ್ರಿ ಅದು ಟೇಪಿಗೆ ಹೋಯಿತು, ಶನಿವಾರ ಹಿರಿಯೂರಿಗೆ ಹೋಯಿತು. ತಿಂಗಳ ಕೊನೆಗೆ ಹೊಳಲ್ಕೆರೆಯವನು ಟೇಪ್ ಓದಿಸಿ, ಆ ಹೆಸರು ಇದೆಯಾ ಅಂತ ಹುಡುಕಿ, ಇದೆ ಅಂತ ನಮಗೆ ಮೆಸೇಜ್ ಹಾಕಿದ. ಇನ್ನೂ ಹೆಸರಿಲ್ಲದ ದನಿಗಳು ನಮ್ಮ ಹತ್ತಿರ ಇವೆ. ಮುಂದಿನ ವಾರ ಹೊಸದುರ್ಗದ ಕಡೆ ಬರುತ್ತೇವೆ. ನಿಮ್ಮ ಜಗಲಿಗೆ ಬಂದರೆ ಎರಡು ನಿಮಿಷ ಕೂತು ಕೇಳಿ.